ಗುಬ್ಬವ್ವನನ್ನು ಕಂಡವರು

ಭಾನುವಾರ ಬೆಳಿಗ್ಗೆ ಪ್ರತಿಭಾ ಅಂಗಳಕ್ಕೆ ನೀರು ಹಾಕಲು ಬಂದಾಗ ಗೇಟಿನ ಹೊರಗೆ ಒಬ್ಬ ಅಪರಿಚಿತ ಹೆಂಗಸು ನಿಂತಿದ್ದಳು. ಅರವತ್ತು ದಾಟಿದ ವಯಸ್ಸು, ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಆಕೆಯ ಕಣ್ಣು ಪ್ರತಿಭಾಳ ಮೇಲಿರಲಿಲ್ಲ. ಮನೆಯ ಮುಂದಿನ ಕಲ್ಲಿನ ಮೆಟ್ಟಿಲುಗಳನ್ನೇ ಆಕೆ ನೋಡುತ್ತಿದ್ದಳು, ಬಹಳ ದಿನ ಹುಡುಕಿದ್ದು ಕೊನೆಗೂ ಸಿಕ್ಕಿತು ಎಂಬಂತೆ.

"ಯಾರು ಬೇಕಾಗಿತ್ರಿ?" ಪ್ರತಿಭಾ ಕೇಳಿದಳು.

"ನಡುವಿನ ಮೆಟ್ಟಲಾ ಅಲ್ಲಾಡತೈತಿ, ಹೌದಲ್ಲವಾ? ಎಡಗಡೆ ಮೂಲ್ಯಾಗ ಕಾಲಿಟ್ರ."

"ನೀವು ಮೊದಲ ಈ ಕ್ವಾರ್ಟರ್ಸ್‌ನಾಗ ಇದ್ರೇನು?"

"ಇಲ್ಲ. ಈ ಓಣಿ ನೋಡಿದ್ದು ಇವತ್ತ ಮೊದಲ." ಹೆಂಗಸು ಗೇಟಿನ ಸರಳು ಹಿಡಿದುಕೊಂಡಳು. "ಗುಬ್ಬವ್ವ ನಿಮ್ಮ ಮಗಳೇನವಾ? ಆಕಿ ನಿಮ್ಮನ್ನ ಕೇಳಾಕತ್ತಾಳ."

ಪ್ರತಿಭಾಳ ಕೈಯಿಂದ ಬಕೆಟ್ ಜಾರಿ ನೀರೆಲ್ಲ ಅಂಗಳಕ್ಕೆ ಹರಿಯಿತು.

ಅವಳ ಮಗಳು ಏಳನೆಯ ವಯಸ್ಸಿನಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಶಾಲೆಯಲ್ಲಿ ಅವಳ ಹೆಸರು ಇಂಚರಾ. ಅಪ್ಪ ಮಹಾಂತೇಶ ಇಂಚು ಎನ್ನುತ್ತಿದ್ದ. ಗುಬ್ಬವ್ವ ಎಂದು ಕರೆಯುತ್ತಿದ್ದವಳು ಪ್ರತಿಭಾ ಒಬ್ಬಳೇ. ಅದೂ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ತಲೆ ಬಾಚುವಾಗ ಮಾತ್ರ, ಕಿವಿಯ ಹತ್ತಿರ ಬಾಯಿ ಇಟ್ಟು.

ಹೆಂಗಸಿನ ಹೆಸರು ಲಲಿತಾಬಾಯಿ ಬಾದಾಮಿ. ಗದಗಿನ ಒಂದು ಕನ್ಯಾಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಒಳಗೆ ಬಂದು ಕೂತ ಮೇಲೆ ಆಕೆ ಹೇಳಿದ್ದನ್ನು ಗಂಡ ಹೆಂಡತಿ ಇಬ್ಬರೂ ಕೇಳಿದರು. ಮೊಣಕಾಲಿನ ಆಪರೇಷನ್ ಆದಮೇಲೆ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ. ಅಣ್ಣನ ಮಗ ನಿದ್ದೆ ಬರಿಸುವ ಯಂತ್ರದ ಒಂದು ಹಣೆಪಟ್ಟಿ ತಂದುಕೊಟ್ಟ. ಅದರೊಳಗೆ ಎಲ್ಲಿಂದಲೋ ಕೊಂಡ 'ಶುದ್ಧ ನಿದ್ದೆ'ಯನ್ನು ಹಾಕಿಕೊಟ್ಟ. ಮೊದಲ ದಿನದಿಂದಲೇ ಒಂದೇ ಕನಸು. ಎಳೆಬಿಸಿಲು, ಕಲ್ಲಿನ ಮೆಟ್ಟಿಲು, ದೂರದಲ್ಲೊಂದು ಸೈರನ್, ಎದುರಿಗೆ ಬೆನ್ನು ಮಾಡಿ ಕೂತ ಹುಡುಗಿ. ಎಣ್ಣೆ ಹಚ್ಚಿದ ಕೂದಲನ್ನು ತನ್ನ ಕೈಗಳು ಮೂರು ಪಾಲು ಮಾಡಿ ಹೆಣೆಯುತ್ತಿರುತ್ತವೆ, ಬಾಯಿ 'ಗುಬ್ಬವ್ವ' ಎನ್ನುತ್ತಿರುತ್ತದೆ.

"ಎಂಥಾ ನಿದ್ದಿ ಅಂತೀರಿ! ಸಣ್ಣಾಕಿ ಇದ್ದಾಗ ಮಲಗಿದಂಗ ಮಲಗತಿದ್ದೆ," ಎಂದಳು ಲಲಿತಾಬಾಯಿ. "ಆದ್ರ ಈಗ ಕೆಲವು ದಿನದಿಂದ ಆಕಿ ನನ್ನ ಕೈ ಹಿಡದು ನಿಲ್ಲಸ್ತಾಳ. ತಿರುಗಿ ನೋಡಂಗಿಲ್ಲ. 'ನೀ ಅವ್ವ ಅಲ್ಲ. ನಿನ್ನ ಕೈ ಬ್ಯಾರೆ ಐತಿ. ನಮ್ಮವ್ವನ್ನ ಕರಿ' ಅಂತಾಳ. ದಿನಾ ಅದ. ಅಳತಾಳ. ನನಗ ತಡಕೊಳ್ಳಾಕ ಆಗಲಿಲ್ಲವಾ. ಸೈರನ್ನು, ನೀರಿನ ಟಾಕಿ, ಪೇರಲ ಗಿಡ ಎಲ್ಲಾ ಹೇಳಿದ ಮ್ಯಾಲ ನಮ್ಮ ಮೈದುನ ಅಂದ, ಇದು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ ಇರಬೇಕು ಅಂತ."

ಆಕೆ ಹೋದ ಮೇಲೂ ಮಹಾಂತೇಶ ಕುರ್ಚಿ ಬಿಟ್ಟು ಏಳಲಿಲ್ಲ.

"ಆ ಕನಸು ನಿಂದಲ್ಲಾ?" ಕೊನೆಗೆ ಕೇಳಿದ.

ಪ್ರತಿಭಾ ಹೌದೆಂದು ತಲೆಯಾಡಿಸಿದಳು.

"ಎಷ್ಟ ದಿನದಿಂದ?"

"ಡಾಕ್ಟರ್ ಕೊಟ್ಟ ಪಟ್ಟಿ ಕಟ್ಟಿಕೊಂಡಾಗಿಂದ."

"ಗದಗಿನ ಯಾರೋ ಟೀಚರ್ ನನ್ನ ಮಗಳ ತಲಿ ಬಾಚ್ಯಾರ. ನೀನು ದಿನಾ ನೋಡತಿದ್ದಿ. ನನಗ ಒಂದ ಮಾತ ಹೇಳಲಿಲ್ಲ."

"ಹೇಳಿದ್ರ ಎಲ್ಲೆ ಕರಗಿ ಹೋಕ್ಕೈತೋ ಅಂತ ಅಂಜಿಕಿ ಇತ್ರೀ."

ಅವನು ಎದ್ದು ದುರ್ಗದಬೈಲಿನ ತನ್ನ ಕನ್ನಡಕದ ಅಂಗಡಿಗೆ ಹೋದ. ಅವತ್ತು ಅಂಗಡಿಗೆ ರಜೆ ಇತ್ತು.

ಪ್ರತಿಭಾ ವರ್ಕ್‌ಶಾಪಿನಲ್ಲಿ ಕ್ರೇನ್ ಚಾಲಕಿ. ಛಾವಣಿಯ ಕೆಳಗೆ ಹಳಿಗಳ ಮೇಲೆ ಓಡುವ ಕ್ರೇನಿನ ಪುಟ್ಟ ಗಾಜಿನ ಕೋಣೆಯಲ್ಲಿ ಕೂತು, ರೈಲು ಬೋಗಿಗಳನ್ನು ಎತ್ತಿ ಆ ಬದಿಯಿಂದ ಈ ಬದಿಗೆ ಸಾಗಿಸುವುದು ಅವಳ ಕೆಲಸ. ಮಗಳು ತೀರಿಕೊಂಡ ವರ್ಷ ಅವಳಿಗೆ ನಿದ್ದೆ ಎಂಬುದೇ ಇರಲಿಲ್ಲ. ಒಂದು ದಿನ ಎತ್ತಿದ ಬೋಗಿ ತೂಗಾಡಿತು. ಕೆಳಗಿದ್ದವರು ಹಾರಿ ಪಕ್ಕಕ್ಕೆ ಬಿದ್ದು ಉಳಿದುಕೊಂಡರು. ಆಮೇಲೆ ಡಾಕ್ಟರು 'ಜೋಗುಳ' ಎಂಬ ಕಂಪನಿಯ ಹಣೆಪಟ್ಟಿ ಬರೆದುಕೊಟ್ಟರು.

ಮಲಗಿದವರ ಮಿದುಳಿನ ಅಲೆಗಳನ್ನು ಆ ಪಟ್ಟಿ ಚರ್ಮದ ಮೇಲಿಂದಲೇ ಓದುತ್ತಿತ್ತು. ನಿದ್ದೆ ಯಾವ ಗಳಿಗೆಯಲ್ಲಿ ಆಳಕ್ಕೆ ಇಳಿಯಿತೋ ಆ ಗಳಿಗೆಯ ಏರಿಳಿತವನ್ನು ಹಿಡಿದಿಟ್ಟುಕೊಂಡು, ಮುಂದಿನ ಸಲ ಅದನ್ನೇ ಸಣ್ಣ ಮಿಡಿತಗಳಾಗಿ ವಾಪಸು ಕೊಡುತ್ತಿತ್ತು. ಹಿಡಿದಿಟ್ಟ ಆ ಏರಿಳಿತಕ್ಕೆ ಕಂಪನಿ 'ನಿದ್ದೆಯಚ್ಚು' ಎಂದು ಹೆಸರಿಟ್ಟಿತ್ತು. ಅಚ್ಚು ಉಳಿಯುತ್ತಿದ್ದುದು ಕಂಪನಿಯ ಕಂಪ್ಯೂಟರುಗಳಲ್ಲಿ. ಪ್ರತಿಭಾಳ ನಿದ್ದೆ ತೀರ ಆಳಕ್ಕಿಳಿದದ್ದು ಮಗಳ ತಲೆ ಬಾಚುವ ಕನಸಿನಲ್ಲಿ. ಯಂತ್ರಕ್ಕೆ ಕನಸು ಗೊತ್ತಿಲ್ಲ, ಆಳ ಗೊತ್ತು. ಅದನ್ನೇ ಮತ್ತೆ ಮತ್ತೆ ತಿದ್ದಿ ಗಟ್ಟಿ ಮಾಡಿತು. ಹೀಗೆ ದಿನವೂ ಅವಳಿಗೆ ಮೆಟ್ಟಿಲು, ಬಿಸಿಲು, ಮಗಳ ಬೆನ್ನು. ಮುಖ ಮಾತ್ರ ಎಂದೂ ಕಾಣುತ್ತಿರಲಿಲ್ಲ. ಬಾಚಿಸಿಕೊಳ್ಳುವ ಮಕ್ಕಳು ತಿರುಗುವುದಿಲ್ಲವಲ್ಲ.

ಕೆಲವು ತಿಂಗಳ ಹಿಂದೆ ಕಂಪನಿಯಿಂದ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. 'ನಿಮ್ಮ ಖಾತೆಯ ಕೆಲವು ವಿವರಗಳು ಅನಧಿಕೃತ ವ್ಯಕ್ತಿಗಳ ಕೈ ಸೇರಿರುವ ಸಾಧ್ಯತೆ ಇದೆ. ದಯವಿಟ್ಟು ಪಾಸ್‌ವರ್ಡ್ ಬದಲಾಯಿಸಿ.' ಪ್ರತಿಭಾ ಬದಲಾಯಿಸಿದ್ದಳು. ಬ್ಯಾಂಕಿನ ಖಾತೆ ನೋಡಿದಳು, ಏನೂ ಆಗಿರಲಿಲ್ಲ. ಅದನ್ನು ಮರೆತೂಬಿಟ್ಟಳು.

ಲಲಿತಾಬಾಯಿಯ ನಂತರ ಇನ್ನಷ್ಟು ಜನ ಬಂದರು. ವಿಜಯಪುರದ ಲಾರಿ ಚಾಲಕನೊಬ್ಬ ಗೇಟಿನ ಹತ್ತಿರ ನಿಂತು, ಅತ್ತು ಹೋದ. ಕೊಲ್ಹಾಪುರದಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಒಂದು ಶಬ್ದ ಮಾತ್ರ ಬರುತ್ತಿತ್ತು. "ಗುಬ್ಬವ್ವ," ಎಂದಳು ಹುಡುಗಿ, ಅದರ ಅರ್ಥವೇನೆಂದು ಹಿಂದಿಯಲ್ಲಿ ಕೇಳಿದಳು. ಕೆಲವರು ಹತ್ತಿರ ಬರುತ್ತಲೇ ಇರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದೆ, ಬೇರೆ ಬೇರೆ ನಿಂತಿರುತ್ತಿದ್ದರು. ವರ್ಕ್‌ಶಾಪಿನ ಸೈರನ್ ಆದಾಗ ಎಲ್ಲರ ಕತ್ತೂ ಒಟ್ಟಿಗೆ ಒಂದೇ ಕಡೆ ತಿರುಗುತ್ತಿತ್ತು. ಎಲ್ಲರ ಬಲಗೈ ಬೆರಳುಗಳೂ ಗಾಳಿಯಲ್ಲಿ ಏನನ್ನೋ ಹೆಣೆಯುವಂತೆ ಮೆಲ್ಲಗೆ ಆಡುತ್ತಿದ್ದವು. ಪ್ರತಿಭಾ ಕಿಟಕಿಯ ಪರದೆ ಎಳೆದು ಒಳಗೆ ಕೂರುತ್ತಿದ್ದಳು. ಪಟ್ಟಿ ಕಟ್ಟುವುದನ್ನು ಬಿಟ್ಟಿದ್ದಳು. ನಿದ್ದೆ ಮತ್ತೆ ಹೋಗಿತ್ತು. ತಾನೇ ಹೋಗಿ ಮೇಲಧಿಕಾರಿಗೆ ಹೇಳಿ ಕ್ರೇನಿನಿಂದ ಇಳಿದು ಸ್ಟೋರ್ಸ್ ವಿಭಾಗಕ್ಕೆ ಬಂದಿದ್ದಳು.

ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ. ವಿಷಾದವಿದೆ, ಒಂದು ವರ್ಷ ಉಚಿತ ಸೇವೆ ಕೊಡುತ್ತೇವೆ, 'ಒಪ್ಪಿಗೆ' ಗುಂಡಿ ಒತ್ತಿ.

"ಒತ್ತಬ್ಯಾಡ್ರಿ," ಎಂದರು ಕಾರ್ಮಿಕ ಸಂಘದ ವಕೀಲ ಶಿರಾಜ್ ಮುಲ್ಲಾ. "ಅದರ ತಳಗ ಸಣ್ಣ ಅಕ್ಷರದಾಗ ನೋಡ್ರಿ. ಇದನ್ನ ತಗೊಂಡ್ರ ಮುಂದ ಪರಿಹಾರ ಕೇಳಂಗಿಲ್ಲ ಅಂತ ಐತಿ. ಮೊದಲ, ಪಾಸ್‌ವರ್ಡ್ ಇನ್ನೊಮ್ಮೆ ಬದಲಾಯಿಸ್ರಿ. ನಿಮ್ಮದು ಏನೇನು ಹೋಗೈತಿ ಅಂತ ಕಂಪನಿ ಕಡೆಯಿಂದ ಬರವಣಿಗ್ಯಾಗ ಕೇಳೋಣ. ಪೊಲೀಸರಿಗೂ ಒಂದು ದೂರು. ಮನಿಗೆ ಬಂದವರನ್ನ ಓಡಿಸಬ್ಯಾಡ್ರಿ. ಹೆಸರು, ಊರು ಕೇಳಿ ಇಟ್ಕೋರಿ. ಅವ್ರ ನಿಮ್ಮ ಸಾಕ್ಷಿ."

"ನನ್ನ ರೊಕ್ಕ ಏನೂ ಹೋಗಿಲ್ಲಲ್ರೀ ಸಾಹೇಬ್ರ."

"ಕಂಪನಿ ವಕೀಲರೂ ಇದನ್ನ ಅಂತಾರ," ಎಂದು ಶಿರಾಜ್ ನಿಟ್ಟುಸಿರು ಬಿಟ್ಟರು.

ದಾವೆ ಹಾಕುವುದಕ್ಕೆ ಪ್ರತಿಭಾಳಿಗೆ ಮನಸ್ಸಾಗಿರಲಿಲ್ಲ. ಮಗಳ ವಿಷಯವನ್ನು ಪರರ ಮುಂದೆ ಹರಡಬೇಕಲ್ಲ ಎಂಬ ಸಂಕಟ. ಅವಳ ಮನಸ್ಸು ಬದಲಾದದ್ದು ಒಂದು ಮಧ್ಯಾಹ್ನ. ಕೆಲಸದಿಂದ ಬೇಗ ಬಂದವಳು ಮಲಗುವ ಕೋಣೆಯಲ್ಲಿ ಮಹಾಂತೇಶನನ್ನು ಕಂಡಳು. ಅವನು ಅವಳ ಹಣೆಪಟ್ಟಿ ಕಟ್ಟಿಕೊಂಡು ಮಲಗಿದ್ದ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ದಿಂಬು ಒದ್ದೆಯಾಗಿತ್ತು. ಅವನ ದಪ್ಪ ಬೆರಳುಗಳು ಹೊದಿಕೆಯ ಮೇಲೆ ಹೆಣೆಯುತ್ತಿದ್ದವು.

ಅವಳು ಪಟ್ಟಿ ಬಿಚ್ಚಿದಳು. ಅವನಿಗೆ ಎಚ್ಚರವಾಯಿತು.

"ಎಷ್ಟೋ ದಿನದಿಂದ ಕಟಗೊಂಡು ಮಲಗಾಕತ್ತೀನಿ. ಇವತ್ತ ನನಗೂ ಅಂದ್ಲು," ಎಂದ ಮಹಾಂತೇಶ. "ನೀ ಅವ್ವ ಅಲ್ಲ, ಕೈ ಬ್ಯಾರೆ ಐತಿ ಅಂದ್ಲು. ನಾ ಅಪ್ಪ, ಇಂಚು, ನಿಮ್ಮಪ್ಪ ಅಂದೆ. ಎಷ್ಟ ಸಲ ಅಂದೆ. ತಿರುಗಿ ನೋಡಲಿಲ್ಲ, ಪ್ರತಿಭಾ. ನಾ ಯಾರಂತ ಆಕಿಗೆ ಗೊತ್ತ ಇಲ್ಲ."

ಮರುದಿನ ಪ್ರತಿಭಾ ಶಿರಾಜ್ ಅವರ ಕಚೇರಿಗೆ ಹೋಗಿ ಸಹಿ ಮಾಡಿದಳು.

ಗೋಕುಲ ರಸ್ತೆಯಲ್ಲಿದ್ದ ಕಂಪನಿಯ ಪ್ರಯೋಗಾಲಯಕ್ಕೆ ಗಂಡ ಹೆಂಡತಿಯನ್ನು ಕರೆಸಿಕೊಂಡದ್ದು ಡಾ. ಆಯೇಷಾ ಕಿತ್ತೂರ. ನಿದ್ದೆಯಚ್ಚಿನ ವಿಭಾಗದ ಮುಖ್ಯಸ್ಥೆ. ದೊಡ್ಡ ಕೋಣೆ, ಸದ್ದಿಲ್ಲದ ಗಾಳಿಯಂತ್ರಗಳು, ಗೋಡೆಯ ತುಂಬ ಪರದೆ. ಪರದೆಯ ಮೇಲೆ ಲೋಕದ ನಕ್ಷೆ, ಅದರಲ್ಲಿ ಸಾವಿರಾರು ಸಣ್ಣ ಬೆಳಕುಗಳು ಹೊತ್ತಿ ಆರುತ್ತಿದ್ದವು.

"ಒಂದೊಂದು ಬೆಳಕು ಒಂದೊಂದು ಪಟ್ಟಿ," ಎಂದಳು ಆಯೇಷಾ. "ಈಗ ಯಾರ್ ಯಾರು ಮಲಗ್ಯಾರೋ ಅವ್ರು."

ಅವಳು ಗುಂಡಿಯೊಂದನ್ನು ಒತ್ತಿದಳು. ಬಹಳಷ್ಟು ಬೆಳಕುಗಳು ಕೆಂಪಾದವು.

"ಇವರೆಲ್ಲಾ ನಿಮ್ಮ ಅಚ್ಚಿನಾಗ ಮಲಗಿದವರು."

ಕೆಂಪು ಬೆಳಕುಗಳು ಊರೂರುಗಳಲ್ಲಿ, ದೇಶದೇಶಗಳಲ್ಲಿ ಇದ್ದವು.

"ಕದ್ದವರು ಲಕ್ಷಗಟ್ಟಲೆ ಅಚ್ಚು ತಗೊಂಡು ಹೋಗ್ಯಾರ," ಆಯೇಷಾ ತಲೆ ತಗ್ಗಿಸಿ ಹೇಳಿದಳು. "ಒಬ್ಬರ ಅಚ್ಚು ಇನ್ನೊಬ್ಬರ ತಲ್ಯಾಗ ಕೆಲಸ ಮಾಡಂಗಿಲ್ಲ ಅಂತ ನಾವು ನಂಬಿದ್ವಿ. ಅದಕ್ಕ ಬೀಗ ಸುದ್ದಾ ಗಟ್ಟಿ ಇರಲಿಲ್ಲ. ನಿಮ್ಮದು ಎಲ್ಲಾರ ತಲ್ಯಾಗೂ ಕೆಲಸ ಮಾಡತೈತಿ. ಅಷ್ಟು ಆಳದ ನಿದ್ದಿ ಬ್ಯಾರೆ ಯಾರ ಹತ್ರಾನೂ ಇಲ್ಲ. ಅದಕ್ಕ ಎಲ್ಲಾರೂ ಅದನ್ನ ಕೊಳ್ಳಾಕತ್ತಾರ."

"ಆಕಿ ಯಾಕ ನನ್ನ ಕರಿತಾಳ?"

"ನಿಮ್ಮ ಅಚ್ಚಿನಾಗ ನಿಮ್ಮ ಕೈಯಿನ ನೆನಪೂ ಐತಿ. ಹಿಡಿತ, ವೇಗ ಎಲ್ಲಾ. ಬ್ಯಾರೆಯವರ ಮಿದುಳು ಅದನ್ನ ಮೊದಲ ಒಪ್ಕೋತೈತಿ. ದಿನಾ ದಿನಾ ಆದಂಗ ತನ್ನ ಕೈ ಅಲ್ಲ ಅಂತ ಗುರುತು ಹಿಡಿತೈತಿ. ಆ ಸಂಶಯ ಕನಸಿನಾಗ ಮಗುವಿನ ಬಾಯಿಂದ ಬರತೈತಿ. ಹಂಗಂತ ನಾ ತಿಳಕೊಂಡೀನಿ. ಆದ್ರ ಎಲ್ಲಾರ ಬಾಯಾಗೂ ಅದ ಮಾತು, ಅದ ಶಬ್ದ ಯಾಕ ಬರತೈತಿ ಅನ್ನೂದು ನನಗ ಇನ್ನೂ ತಿಳಿದಿಲ್ಲ."

"ಎಲ್ಲಾ ಅಳಿಸಿ ಹಾಕಾಕ ಆಗೂದಿಲ್ಲೇನ್ರೀ?" ಮಹಾಂತೇಶ ಕೇಳಿದ.

"ಆಗತೈತಿ. ಕದ್ದ ಅಚ್ಚು ಓಡೂದು ನಮ್ಮ ಪಟ್ಟಿ ಮ್ಯಾಲ. ಪಟ್ಟಿ ನಮ್ಮ ಕಂಪ್ಯೂಟರಿಗೆ ಜೋಡಿದ ಕೂಡ್ಲೆ ಗುರುತು ಹಿಡದು ಅಳಸಬಹುದು. ಹಂಗ ಮಾಡಿದ್ರ ತಪ್ಪು ಒಪ್ಪಿಕೊಂಡಂಗ ಅಂತ ಮ್ಯಾಲಿನವರು ಬ್ಯಾಡ ಅಂತಾರ." ಆಯೇಷಾ ಪ್ರತಿಭಾಳತ್ತ ತಿರುಗಿದಳು. "ಇನ್ನೊಂದು ಮಾತು ಐತ್ರಿ. ಅಸಲು ಯಾವುದು, ನಕಲು ಯಾವುದು ಅಂತ ಯಂತ್ರಕ್ಕ ಗೊತ್ತಾಗಂಗಿಲ್ಲ. ಎರಡೂ ಒಂದ ಥರಾ. ಅಳಿಸಿದ್ರ ನಿಮ್ಮದೂ ಹೋಕ್ಕೈತಿ."

ದಾವೆಯ ವಿಚಾರಣೆ ಧಾರವಾಡದಲ್ಲಿ, ಮಾಹಿತಿ ಪರಿಹಾರ ಮಂಡಳಿಯ ಮುಂದೆ ನಡೆಯಿತು. ವಿಚಾರಣೆ ನಡೆಸಿದವರು ಮಂಡಳಿಯ ಸದಸ್ಯ ಶ್ರೀಪಾದ ಗಲಗಲಿ. ಬಿಳಿಗೂದಲಿನ, ಕಡಿಮೆ ಮಾತಿನ ಮನುಷ್ಯ. ಮನೆಗೆ ಬಂದವರಲ್ಲಿ ಹಲವರು ಸಾಕ್ಷಿ ಹೇಳಲು ಬಂದಿದ್ದರು. ಲಲಿತಾಬಾಯಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಗಳನ್ನು ತಾನು ಕರೆಯುತ್ತಿದ್ದ ಹೆಸರು ಮಾತ್ರ ಈ ಕೋಣೆಯಲ್ಲಿ ಯಾರ ಬಾಯಿಂದಲೂ ಬರಬಾರದು ಎಂದು ಪ್ರತಿಭಾ ಕೇಳಿಕೊಂಡಿದ್ದಳು. ದಾವೆಯ ಕಾಗದದಲ್ಲೂ ಅದನ್ನು ಬರೆಸಿರಲಿಲ್ಲ. ಸಾಕ್ಷಿಗಳೆಲ್ಲ 'ಆ ಮಗು' ಎಂದೇ ಹೇಳಿದರು.

ಕಂಪನಿಯ ವಕೀಲರು ಎದ್ದು ನಿಂತರು. "ಅರ್ಜಿದಾರರ ಹಣ ಹೋಗಿಲ್ಲ. ಅವರ ಹೆಸರಲ್ಲಿ ಯಾರೂ ಸಾಲ ತೆಗೆದಿಲ್ಲ. ನಿದ್ದೆಯಚ್ಚು ಇವತ್ತಿಗೂ ಅವರ ಬಳಿಯೇ ಇದೆ. ನಕಲಾಗಿರಬಹುದು, ಆದರೆ ಅವರು ಕಳೆದುಕೊಂಡದ್ದೇನು?"

ಗಲಗಲಿಯವರು ಪ್ರತಿಭಾಳ ಕಡೆ ನೋಡಿದರು. "ಉತ್ತರ ಕೊಡ್ತೀರಾ?"

ಪ್ರತಿಭಾ ಎದ್ದಳು. ಮೈಕು ಹಿಡಿಯಲು ಗೊತ್ತಾಗದೆ ಹಾಗೆಯೇ ಮಾತಾಡಿದಳು.

"ನನ್ನ ಹತ್ರ ಮಗಳದು ಉಳಿದಿದ್ದು ಅದೊಂದ ಇತ್ರೀ. ಫೋಟೋ ಎಲ್ಲಾರ ಮನ್ಯಾಗೂ ಇರತಾವ. ಇದು ನಾ ಮತ್ತ ಆಕಿ, ಇಬ್ಬರ ಇದ್ದಿದ್ದು. ಈಗ ಅಲ್ಲೆ ಊರ ಜನಾ ಬಂದು ಕುಂತಾರ. ಇವ್ರು ಕೆಟ್ಟವರಲ್ರೀ. ಪಾಪ, ನಿದ್ದಿ ಇಲ್ಲದವರು. ಆದ್ರ ನನಗ ಈಗ ಮಲಗಾಕ ಅಂಜಿಕಿ ಬರತೈತಿ. ಆಕಿನೂ ನನ್ನ ಕೈ ಹಿಡದು, ನೀ ಅವ್ವ ಅಲ್ಲ ಅಂದ್ರ ನಾ ಏನ ಮಾಡ್ಲಿ?"

ಕಂಪನಿಯ ವಕೀಲರು ಮತ್ತೆ ಎದ್ದರು.

"ದುಃಖ ಅರ್ಥವಾಗುತ್ತದೆ. ಆದರೆ ಜಡೆ ಹಾಕಿಸಿಕೊಳ್ಳುವ ಮಗು ಯಾರ ಕನಸಿಗೂ ಬರಬಹುದು, ಮಾನ್ಯರೇ. ಸಾಕ್ಷಿಗಳು ಕಂಡದ್ದು ಇವರ ಮಗಳೇ ಎನ್ನುವುದಕ್ಕೆ ಏನು ಆಧಾರ? ಅದು ಯಾವುದೋ ಒಂದು ಮಗು."

"ಯಾವುದೋ ಮಗು ಹೆಂಗ ಆಗತೈತ್ರಿ?" ಗಲಗಲಿಯವರ ದನಿ ಒಮ್ಮೆಲೇ ಏರಿತು. "ಗುಬ್ಬವ್ವ ಅಂತ ಕರದ್ರ ಆಕಿ ಎಡಗಡೆ ಭುಜಾ ಮ್ಯಾಲ ಎತ್ತಿ—"

ಅವರು ಅಲ್ಲಿಗೇ ನಿಲ್ಲಿಸಿದರು.

ಪ್ರತಿಭಾ ನಿಂತಲ್ಲೇ ಕಲ್ಲಾದಳು. ಕಿವಿಯ ಹತ್ತಿರ ಹೆಸರು ಹೇಳಿದಾಗ ಕಚಗುಳಿಯಾಗಿ ಮಗಳು ಎಡಭುಜ ಎತ್ತುತ್ತಿದ್ದದ್ದು ನಿಜ. ಲಲಿತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ಗಲಗಲಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಬಲಗೈ ಬೆರಳುಗಳು ತಮ್ಮಷ್ಟಕ್ಕೆ ಆಡುತ್ತಿದ್ದವು. ಎಡಗೈಯಿಂದ ಅವನ್ನು ಒತ್ತಿ ಹಿಡಿದರು.

"ನನ್ನ ಹೆಂಡತಿ ಹೋದ ಮೇಲೆ ನನಗೂ ನಿದ್ದೆ ಇರಲಿಲ್ಲ," ಎಂದರು ತಗ್ಗಿದ ದನಿಯಲ್ಲಿ. "ನಾನು ಕೊಂಡ ನಿದ್ದೆ ಯಾರಿಂದ ಕದ್ದದ್ದು ಅಂತ ನನಗೆ ಗೊತ್ತಿರಲಿಲ್ಲ. ಇವತ್ತು ಸಾಕ್ಷಿಗಳು ಮಾತಾಡುವ ತನಕ ಗೊತ್ತಿರಲಿಲ್ಲ. ಆಗಲೇ ಏಳಬೇಕಾಗಿತ್ತು. ಈ ಪ್ರಕರಣ ನಾನು ಕೇಳಬಾರದು. ತಾಯಿ, ನನ್ನ ಕ್ಷಮಿಸು."

ಅವರು ಎದ್ದು ಹೋದರು. ಮುಂದಿನ ವಿಚಾರಣೆಗೆ ಅವರು ಸಾಕ್ಷಿಯಾಗಿ ಬಂದರು. ಅವರ ಹೇಳಿಕೆಯ ಮುಂದೆ ಕಂಪನಿಯ ವಕೀಲರ ವಾದ ಬಹಳ ಹೊತ್ತು ನಿಲ್ಲಲಿಲ್ಲ. ಹೊಸ ಸದಸ್ಯೆ ಕೊಟ್ಟ ತೀರ್ಪಿನಲ್ಲಿ ಹೀಗಿತ್ತು. ಮನುಷ್ಯನ ನಿದ್ದೆ ಆ ಮನುಷ್ಯನದೇ, ಅದನ್ನು ಕಾಯುವುದಾಗಿ ಹೇಳಿ ಕಾಯದೆ ಹೋದದ್ದೇ ನಷ್ಟ, ಹಣ ಹೋಗಿರಬೇಕೆಂದಿಲ್ಲ. ಕಂಪನಿ ಪ್ರತಿಭಾಳಿಗೆ ಪರಿಹಾರ ಕೊಡಬೇಕು. ಅವಳು ಬಯಸಿದರೆ ಎಲ್ಲ ನಕಲುಗಳನ್ನೂ ಅವಳ ಎದುರಿಗೇ ಅಳಿಸಬೇಕು.

ಅವಳು ಬಯಸಿದರೆ. ಆ ಮಾತಿನ ಎದುರು ಪ್ರತಿಭಾ ಅನೇಕ ದಿನ ಕೂತಿದ್ದಳು. ಅಳಿಸದಿದ್ದರೆ ಮಗಳು ಎಲ್ಲೆಲ್ಲೋ ಯಾರ್ಯಾರದೋ ಕೈಯಲ್ಲಿ ಅಮ್ಮನನ್ನು ಕರೆಯುತ್ತಲೇ ಇರುತ್ತಾಳೆ. ಅಳಿಸಿದರೆ ಇನ್ನೆಂದೂ ಇಲ್ಲ. ಮಹಾಂತೇಶ ಯಾವ ಕಡೆಗೂ ಮಾತಾಡಲಿಲ್ಲ. "ನೀ ಹೇಳಿದಂಗ," ಎಂದಷ್ಟೇ ಅಂದ.

ಕೊನೆಗೆ ಅವಳು ಆಯೇಷಾಗೆ ಫೋನ್ ಮಾಡಿದಳು. "ಒಂದ ಸಲ ನಾ ಆಕಿ ಹತ್ರ ಹೋಗಬೇಕ್ರಿ. ನನ್ನ ಅಚ್ಚಿನಾಗಲ್ಲ. ಆಕಿ ಎಲ್ಲೆ ನನ್ನ ಕರಿಯಾಕತ್ತಾಳೋ ಅಲ್ಲೆ."

ಲಲಿತಾಬಾಯಿ ಒಪ್ಪಿದಳು. ಆಕೆಯ ಪಟ್ಟಿಯೊಳಗೆ ಇಷ್ಟು ದಿನದಲ್ಲಿ ಬದಲಾಗುತ್ತ ಬಂದಿದ್ದ ನಕಲನ್ನು ಆಯೇಷಾ ಇಳಿಸಿಕೊಂಡಳು. "ನಾನೂ ಮಧ್ಯಾಹ್ನ ಒಂದ ಸಲ ಕಟಗೊಂಡು ಮಲಗತೀನವಾ," ಎಂದಳು ಲಲಿತಾಬಾಯಿ ಗದಗಿನಿಂದ ಫೋನಿನಲ್ಲಿ. "ಹೋಗಿ ಬಾ ಅಂತ ಹೇಳಬೇಕಲ್ಲಾ ಆಕಿಗೆ."

ಪ್ರಯೋಗಾಲಯದ ಹಾಸಿಗೆಯ ಮೇಲೆ ಪ್ರತಿಭಾ ಮಲಗಿದಳು. ಮಹಾಂತೇಶ ಪಕ್ಕದಲ್ಲಿ ಕೂತು ಅವಳ ಕಾಲು ಮುಟ್ಟಿಕೊಂಡಿದ್ದ. ಹಣೆಯ ಮೇಲೆ ಸಣ್ಣ ಮಿಡಿತ ಶುರುವಾಯಿತು.

ಎಳೆಬಿಸಿಲು. ಮೆಟ್ಟಿಲು. ಎದುರಿಗೆ ಪುಟ್ಟ ಬೆನ್ನು. ಪ್ರತಿಭಾ ಕೂದಲನ್ನು ಮುಟ್ಟಿದಳು. ಎಣ್ಣೆಯ ಜಿಡ್ಡು ಬೆರಳಿಗೆ ಹತ್ತಿತು. ಎಲ್ಲ ಅದೇ, ಆದರೂ ಏನೋ ಬೇರೆ ಇತ್ತು. ಬಿಸಿಲಿನಲ್ಲಿ ಬಿಸಿ ಇರಲಿಲ್ಲ. ಪೇರಲ ಗಿಡದ ಎಲೆಗಳು ಒಂದೂ ಅಲ್ಲಾಡುತ್ತಿರಲಿಲ್ಲ.

ಮಗು ಕೈ ಹಿಡಿಯಿತು. ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಆಮೇಲೆ ಮೆಲ್ಲಗೆ ತಿರುಗಿತು.

ಮುಂದಿನ ಹಲ್ಲು ಬಿದ್ದ ಬಾಯಿ. ಜ್ವರಕ್ಕೆ ಮುಂಚಿನ ಮುಖ.

"ಅವ್ವಾ," ಎಂದಳು ಗುಬ್ಬವ್ವ. "ಎಲ್ಲೆ ಹೋಗಿದ್ದಿ? ಯಾರ್ಯಾರೋ ಬಂದು ನನ್ನ ತಲಿ ಬಾಚಾಕತ್ತಾರ. ನೀ ಬಾಗಲಾ ಯಾಕ ತಗದಿಟ್ಟು ಹೋದಿ?"

ಪ್ರತಿಭಾ ಹಿಂದೆ ತಿರುಗಿ ನೋಡಿದಳು. ಮನೆಯ ಬಾಗಿಲು ತೆರೆದಿತ್ತು. ಒಳಗೆ ಕತ್ತಲಲ್ಲಿ ಜನ ನಿಂತಿದ್ದರು. ಪಡಸಾಲೆಯ ತುಂಬ, ಅಡುಗೆಮನೆಯವರೆಗೆ, ಅದರ ಆಚೆಗೂ. ಒಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದು ಬಾಚಣಿಗೆ ಇತ್ತು. ತಮ್ಮ ಸರದಿ ಕಾಯುತ್ತಿದ್ದರು.

ಅವಳು ಮಗಳನ್ನು ಎದೆಗೆ ಒತ್ತಿಕೊಂಡಳು. "ಇನ್ನ ಯಾರೂ ಬರಂಗಿಲ್ಲ, ಗುಬ್ಬವ್ವ. ನಾ ಹೇಳಿ ಬರ್ತೀನಿ ಎಲ್ಲಾರಿಗೂ."

ಮಗು ಅವಳ ಮುಖವನ್ನೇ ನೋಡಿತು.

"ನೀನೂ ಬರಂಗಿಲ್ಲೇನು?"

ಪ್ರತಿಭಾಳಿಗೆ ಸುಳ್ಳು ಹೇಳಲು ಆಗಲಿಲ್ಲ. "ನಾನೂ ಬರಂಗಿಲ್ಲ."

ಮಗು, ಶಾಲೆಗೆ ಹೊರಡುವಾಗ ಆಡುವಷ್ಟೇ ಸಹಜವಾಗಿ, "ಹಂಗಾದ್ರ ಇದನ್ನ ಪೂರಾ ಹಾಕಿ ಹೋಗು," ಎಂದು ಬೆನ್ನು ತಿರುಗಿಸಿ ಕೂತಿತು.

ಪ್ರತಿಭಾ ಜಡೆ ಪೂರ್ತಿ ಹೆಣೆದಳು. ರಿಬ್ಬನ್ ಕಟ್ಟಿದಳು. ಇದುವರೆಗೆ ಯಾವ ನಿದ್ದೆಯಲ್ಲೂ ಆ ಜಡೆ ಪೂರ್ತಿಯಾಗಿರಲಿಲ್ಲ.

ಕಣ್ಣು ಬಿಟ್ಟಾಗ ಆಯೇಷಾ ಬಗ್ಗಿ ನೋಡುತ್ತಿದ್ದಳು. ಪ್ರತಿಭಾ ಎದ್ದು ಕೂತು, ಪಟ್ಟಿ ಬಿಚ್ಚಿ ಅವಳ ಕೈಗೆ ಕೊಟ್ಟಳು.

"ಅಳಿಸಿ ಬಿಡ್ರಿ."

"ಸ್ವಲ್ಪ ಹೊತ್ತು ಬೇಕಾದ್ರ—"

"ಬ್ಯಾಡ. ಈಗ."

ಗೋಡೆಯ ಪರದೆಯ ಮೇಲೆ ಕೆಂಪು ಬೆಳಕುಗಳು ಆರತೊಡಗಿದವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪು ಗುಂಪಾಗಿ. ಮಹಾಂತೇಶ ಅವಳ ಭುಜ ಹಿಡಿದು ನಿಂತಿದ್ದ. ಕೊನೆಯ ಬೆಳಕು ಸ್ವಲ್ಪ ಹೊತ್ತು ಹಟ ಹಿಡಿದಂತೆ ಉರಿದು, ಆರಿತು.

ಲಲಿತಾಬಾಯಿಯ ಫೋನ್ ಬಂದದ್ದು ಆಗ. ನಿದ್ದೆಯಿಂದ ಈಗಷ್ಟೇ ಎದ್ದ ದನಿ.

"ಏನಾತವಾ ಅಲ್ಲೆ? ನಾ ಬಾಚಾಕ ಕುಂತೆ. ಆಕಿ ಜಡಿ ಆಗಲೇ ಪೂರಾ ಆಗಿತ್ತು. ರಿಬ್ಬನ್ ಇತ್ತು. ಎದ್ದು ನಿಂತ್ಲು, ಒಳಗಿದ್ದವರನ್ನೆಲ್ಲಾ ಹೊರಗ ಕಳಿಸಿದ್ಲು. ಆಮ್ಯಾಲ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಒಳಗಿಂದ ಚಿಲಕಾ ಹಾಕಿದ ಸಪ್ಪಳ ಕೇಳಿತು."

ಆಯೇಷಾ ಈ ಮಾತನ್ನು ಸ್ಪೀಕರಿನಲ್ಲಿ ಕೇಳಿಸಿಕೊಂಡಳು. ಲಲಿತಾಬಾಯಿಯ ಪಟ್ಟಿಗೂ ಪ್ರಯೋಗಾಲಯದ ಹಾಸಿಗೆಗೂ ಯಾವ ಸಂಪರ್ಕವೂ ಇರಲಿಲ್ಲ. ಆ ಹೊತ್ತಿನಲ್ಲಿ ಮಲಗಿದ್ದವರ ಹೇಳಿಕೆಗಳನ್ನು ಅವಳು ಮುಂದಿನ ವಾರಗಳಲ್ಲಿ ಒಂದೊಂದಾಗಿ ತರಿಸಿಕೊಂಡಳು. ಭಾಷೆ ಬೇರೆ ಬೇರೆ, ಮಾತು ಒಂದೇ. ಎಲ್ಲರೂ ಚಿಲಕದ ಸದ್ದು ಕೇಳಿದ್ದರು. ಅದಕ್ಕೆ ಅವಳ ಹತ್ತಿರ ವಿವರಣೆ ಇರಲಿಲ್ಲ. ಕೆಲಸ ಬಿಡುವ ಮುಂಚೆ ಅವಳು ಬರೆದ ಕೊನೆಯ ವರದಿಯಲ್ಲಿ 'ತಿಳಿದಿಲ್ಲ' ಎಂದೇ ಬರೆದಳು.

ಅಪರಿಚಿತರು ಗೇಟಿನ ಹತ್ತಿರ ಬರುವುದು ನಿಂತಿತು. ಕೆಲವರು ಫೋನಿನಲ್ಲಿ ಪ್ರತಿಭಾಳನ್ನು ಬೈದರು, ತಮ್ಮ ನಿದ್ದೆ ಕಿತ್ತುಕೊಂಡಳೆಂದು. ಅವಳು ಸುಮ್ಮನೆ ಕೇಳಿಸಿಕೊಂಡಳು. ಕಂಪನಿ ಹೊಸ ಪಟ್ಟಿ ಕಳಿಸಿತು. ಅದನ್ನು ಬಿಚ್ಚದೆ ವಾಪಸು ಕಳಿಸಿದಳು. ಮೊದಮೊದಲು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಆಮೇಲೆ ಕೂತಲ್ಲೇ ಒಂದಿಷ್ಟು ಜೊಂಪು ಹತ್ತತೊಡಗಿತು. ಒಂದು ಸಂಜೆ ಮಹಾಂತೇಶ ಮಗಳ ಮಾತು ತೆಗೆದ. ಅವಳು ಜ್ವರದಲ್ಲಿ ಹೇಳಿದ್ದನ್ನು, ಅವನು ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಬೀಳಿಸಿದ್ದನ್ನು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮೂರು ವರ್ಷದಲ್ಲಿ ಅದೇ ಮೊದಲು.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿಭಾ ರಜೆ ಹಾಕಿದ್ದ ಒಂದು ದಿನ ಮಂಡಳಿಯ ಕಚೇರಿಯಿಂದ ಫೋನ್ ಬಂತು. ಮಹಾಂತೇಶ ಎತ್ತಿಕೊಂಡ.

"ಪ್ರತಿಭಾ ಕಟಗೇರಿಯವರು ಇದಾರಾ? ಪರಿಹಾರದ ವಿಷಯ. ಅವರು ತಾವೇ ಒಂದು ಮಾತು ಹೇಳಿದ್ರೆ ಇವತ್ತೇ ಮುಗಿಸ್ತೀವಿ."

ಮಹಾಂತೇಶ ಕೋಣೆಯ ಬಾಗಿಲಲ್ಲಿ ಇಣುಕಿದ. ಊಟ ಮಾಡಿ ಹಾಗೆಯೇ ಚಾಪೆಯ ಮೇಲೆ ಅಡ್ಡಾದವಳು ಒಂದು ಮಗ್ಗುಲಾಗಿ ಮಲಗಿದ್ದಳು. ಹಣೆ ಬರಿದಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಕೈಗಳು ಚಾಪೆಯ ಮೇಲೆ ಅಲ್ಲಾಡದೆ ಬಿದ್ದಿದ್ದವು.

"ಆಕಿ ಮಲಗ್ಯಾಳ್ರಿ," ಎಂದ ಮಹಾಂತೇಶ ಪಿಸುದನಿಯಲ್ಲಿ. "ಆಮ್ಯಾಲ ಮಾಡ್ರಿ."

ಆ ಕಡೆಯವರು ಇನ್ನೇನೋ ಹೇಳುತ್ತಿದ್ದರು. ಅವನು ಫೋನ್ ಇಟ್ಟು, ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಹೋದ.